ಹಿಮಪಾತವೂ ಹಿಮಕುಸಿತವೂ

ನಮ್ಮ ಪತ್ರಿಕೆಗಳಲ್ಲಿ ‘ಹಿಮಪಾತ’ವೆಂಬ ಒಂದೇ ಮಾತು ಎರಡು ಸಂಗತಿಗಳಿಗೆ ಸಲ್ಲುತ್ತ ಬಂದಿದೆ. ಶಿಮ್ಲೆಯಲ್ಲಿ ಹಿಮ ಉದುರಿತು, ಪ್ರವಾಸಿಗಳು ನಲಿದರು ಎಂಬ ಸುದ್ದಿಗೂ ಅದೇ ಮಾತು. ಪರ್ವತದ ಇಳಿಜಾರಿನಿಂದ ಹಿಮದ ರಾಶಿ ಕಳಚಿ ಜಾರಿ ಬಂದು ಊರೊಂದನ್ನು ಮುಚ್ಚಿತು ಎಂಬ ಸುದ್ದಿಗೂ ಅದೇ ಮಾತು. ಇದಕ್ಕಾಗಿ ಪತ್ರಿಕೆಗಳನ್ನು ದೂರುವಂತಿಲ್ಲ. ನುಡಿಯಲ್ಲಿ ಭೇದಗಳು ಹುಟ್ಟುವುದು ಬಾಳಿನ ಅನುಭವದಿಂದ. ಮಳೆಯನ್ನು ನಂಬಿ ಬದುಕಿದ ನಾವು ತುಂತುರು, ಸೋನೆ, ಜಡಿಮಳೆ, ಬಿರುಮಳೆ ಎಂದು ಅದಕ್ಕೆ ಹಲವು ಹೆಸರುಗಳನ್ನಿಟ್ಟಿದ್ದೇವೆ. ನಕ್ಷತ್ರಗಳ ಲೆಕ್ಕದಲ್ಲಿ ಅದರ ನಡೆಯನ್ನು ಅಳೆದಿದ್ದೇವೆ. ಹಿಮದೊಡನೆ ನಮಗೆ ಅಂಥ ಬಳಕೆಯಿಲ್ಲ. ಆದುದರಿಂದ ಅದರ ಬಗೆಗಳಿಗೆ ಹೆಸರುಗಳೂ ಇಲ್ಲ.

ಬಹುಕಾಲ ಭೂಗೋಳದ ಪಾಠ ಹೇಳಿದ ನನಗೆ, ಈ ಎರಡನ್ನೂ ಬೇರ್ಪಡಿಸದೆ ಮುಂದೆ ಹೋಗುವುದು ಸಾಧ್ಯವಿಲ್ಲವೆಂದು ತೋರುತ್ತದೆ. ಆಕಾಶದಿಂದ ನೆಲಕ್ಕೆ ಹಿಮ ಉದುರುವುದನ್ನು ಹಿಮಪಾತವೆಂದು ಕರೆಯೋಣ. ಬೆಟ್ಟದಿಂದ ಕಣಿವೆಗೆ ಅದು ಕುಸಿದು ಬರುವುದನ್ನು ಹಿಮಕುಸಿತವೆನ್ನೋಣ. ಮೊದಲನೆಯದು ಸದ್ದಿಲ್ಲದ ಕ್ರಿಯೆ. ಎರಡನೆಯದು ಗಂಟೆಗೆ ೨೦೦ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬಂದು ಕಾಡನ್ನೂ ಮನೆಯನ್ನೂ ಕೆಡವಬಲ್ಲ ಉತ್ಪಾತ. ಇವೆರಡರ ನಡುವೆ ಒಂದು ಗಂಟೆಯ ಅಂತರವಿರಬಹುದು, ಮೂರು ತಿಂಗಳ ಅಂತರವೂ ಇರಬಹುದು. ಆ ನಡುಗಾಲದಲ್ಲಿ ಬಿಸಿಲು, ಗಾಳಿ, ಚಳಿ, ಮಳೆಗಳು ಏನನ್ನು ಮಾಡುತ್ತವೆ ಎಂಬುದೇ ಇಲ್ಲಿನ ವಿಚಾರ.

ಹಿಮ ಹೆಚ್ಚಾಗಿ ಬಿದ್ದರೆ ಕುಸಿಯುತ್ತದೆ, ಇದರಲ್ಲಿ ತಿಳಿಯಬೇಕಾದುದೇನಿದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಮಾತು ಅರ್ಧ ನಿಜ. ಹೆಚ್ಚು ಹಿಮವೊಂದೇ ಕಾರಣವಾಗಿದ್ದರೆ, ಜನವರಿಯಲ್ಲಿ ಎರಡು ಮೀಟರು ಹಿಮವನ್ನು ಹೊತ್ತು ನಿಶ್ಚಲವಾಗಿ ನಿಂತ ಇಳಿಜಾರು ಮಾರ್ಚಿಯಲ್ಲಿ ಅರ್ಧ ಮೀಟರಿನ ಹೊಸ ಹಿಮಕ್ಕೆ ಏಕೆ ಕಳಚಿ ಬೀಳಬೇಕು? ಒಂದೇ ಬಿರುಗಾಳಿಗೆ ಸಿಕ್ಕ ಎರಡು ಬೆಟ್ಟಗಳಲ್ಲಿ ಒಂದು ಜಾರಿ, ಇನ್ನೊಂದು ಏಕೆ ಉಳಿಯಬೇಕು? ಹಿಮವು ತನ್ನ ಮೇಲೆ ಹಾದುಹೋದ ಹವೆಯನ್ನು ಮರೆಯುವುದಿಲ್ಲ ಎಂಬುದೇ ಇದಕ್ಕೆ ಉತ್ತರ.

ಪದರಗಳ ಗೋಡೆ

ಮಣ್ಣಿನ ಗೋಡೆ ಕಟ್ಟುವವರು ಒಂದು ವರಸೆಯನ್ನು ಹಾಕಿ, ಅದು ಆರಿದ ಮೇಲೆ ಇನ್ನೊಂದನ್ನು ಏರಿಸುತ್ತಾರೆ. ಕೆಳಗಿನ ವರಸೆಯ ಮುಖ ಹದವಾಗಿದ್ದರೆ ಮೇಲಿನದು ಬೆಸೆದುಕೊಳ್ಳುತ್ತದೆ. ಇಲ್ಲವಾದರೆ ಸಂದಿಯಲ್ಲಿ ಬಿರುಕು ಉಳಿಯುತ್ತದೆ. ಪರ್ವತದ ಹಿಮವೂ ಹೀಗೆಯೇ ವರಸೆವರಸೆಯಾಗಿ ಏರುತ್ತದೆ. ನವೆಂಬರಿನಲ್ಲಿ ಬಿದ್ದುದು ಕೆಳಗೆ, ಡಿಸೆಂಬರಿನದು ಅದರ ಮೇಲೆ. ಎರಡು ಹಿಮಪಾತಗಳ ನಡುವಣ ದಿನಗಳಲ್ಲಿ ಬಿಸಿಲು ಮೇಲ್ಮೈಯನ್ನು ಕರಗಿಸಿ, ರಾತ್ರಿಯ ಚಳಿ ಅದನ್ನು ಗಾಜಿನಂತೆ ಹೆಪ್ಪುಗಟ್ಟಿಸಿರಬಹುದು. ಗಾಳಿ ಅದನ್ನು ಒತ್ತಿ ಹಲಗೆಯಂತೆ ಮಾಡಿರಬಹುದು. ಮುಂದಿನ ಹಿಮ ಅದರ ಮೇಲೆಯೇ ಬೀಳಬೇಕು. ಚಳಿಗಾಲದ ನಡುವೆ ಹಿಮವನ್ನು ಕಡಿದು ನೋಡಿದರೆ ಕಾಣುವುದು ಒಂದೇ ಬಿಳುಪಲ್ಲ. ಆ ವರ್ಷದ ಹವೆಯ ದಿನಚರಿ.

ಈ ಗೋಡೆಯ ಭಾರವೇನು ಕಡಿಮೆಯದಲ್ಲ. ಆಗತಾನೆ ಬಿದ್ದು ಕೊಂಚ ಅಡಗಿದ ಹಿಮ ಘನಮೀಟರಿಗೆ ೧೦೦ ಕಿಲೋಗ್ರಾಮಿನಷ್ಟು ತೂಗಬಹುದು. ನಮ್ಮ ಊರುಗಳ ಮೂವತ್ತು ನಲವತ್ತು ಅಡಿಯ ನಿವೇಶನದ ಮೇಲೆ ಒಂದು ಮೀಟರು ಹಿಮ ಬಿದ್ದರೆ ೧೧ ಟನ್ನಿನಷ್ಟು ಹೊರೆಯಾಯಿತು. ಗಾಳಿ ಒತ್ತಿದ ಹಿಮವಾದರೆ ಅದರ ಎರಡರಷ್ಟು, ಮೂರರಷ್ಟು. ಇಂಥ ಹೊರೆ ಇಳಿಜಾರಿನ ಮೇಲೆ ನಿಂತಿರುವುದು ಪದರಗಳು ಒಂದನ್ನೊಂದು ಹಿಡಿದಿರುವುದರಿಂದ ಮಾತ್ರ. ಇಳಿಜಾರು ೩೦ ಅಂಶಕ್ಕಿಂತ ಕಡಿಮೆಯಿದ್ದರೆ ಹಿಮ ಸಾಮಾನ್ಯವಾಗಿ ಜಾರದು. ಬಹಳ ಕಡಿದಾಗಿದ್ದರೆ ಬಿದ್ದ ಹಿಮ ನಿಲ್ಲದೆ ಆಗಾಗಲೇ ಉದುರಿಹೋಗುತ್ತದೆ. ದೊಡ್ಡ ಕುಸಿತಗಳು ಹುಟ್ಟುವುದು ಹೆಚ್ಚಾಗಿ ೩೦ರಿಂದ ೪೫ ಅಂಶಗಳ ನಡುವಣ ಇಳಿಜಾರುಗಳಲ್ಲಿ. ಮನೆ ಕಟ್ಟಲೂ ಹಾದಿ ಹಾಯಿಸಲೂ ಮನುಷ್ಯ ಆರಿಸಿಕೊಳ್ಳುವ ತಾಣಗಳು ಅನೇಕ ವೇಳೆ ಇಂಥ ಇಳಿಜಾರುಗಳ ಅಡಿಯಲ್ಲಿಯೇ ಇರುವುದು ದುರ್ದೈವ.

ನಿರ್ಮಲವಾದ ರಾತ್ರಿಯ ಕೆಲಸ

ಹಿಮಕುಸಿತಕ್ಕೆ ಬಿರುಗಾಳಿಯನ್ನು ದೂರುವುದು ರೂಢಿ. ಆದರೆ ಅದರ ಬೀಜ ಬೀಳುವುದು ಅನೇಕ ಸಲ ಮೋಡವಿಲ್ಲದ, ಗಾಳಿಯಿಲ್ಲದ, ನಕ್ಷತ್ರಗಳು ಹೊಳೆಯುವ ರಾತ್ರಿಗಳಲ್ಲಿ. ನೆಲ ತನ್ನ ಬೇಸಗೆಯ ಶಾಖವನ್ನು ಸ್ವಲ್ಪ ಉಳಿಸಿಕೊಂಡಿರುತ್ತದೆ. ಹಿಮ ಕಂಬಳಿಯಂತೆ ಅದನ್ನು ಹೊದಿಸಿರುವುದರಿಂದ ತಳದ ಉಷ್ಣತೆ ಸೊನ್ನೆ ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಮೇಲ್ಮೈಯಾದರೋ ತನ್ನ ಶಾಖವನ್ನೆಲ್ಲ ಬಯಲಾದ ಆಕಾಶಕ್ಕೆ ಕೊಟ್ಟು ಸೊನ್ನೆಗಿಂತ ೨೦ ಡಿಗ್ರಿ ಕೆಳಗೆ ಇಳಿಯಬಹುದು. ತಳದಿಂದ ಮೇಲಕ್ಕೆ ಮೀಟರಿಗೆ ೧೦ ಡಿಗ್ರಿಗಿಂತ ಹೆಚ್ಚು ಅಂತರ ಬಿದ್ದಾಗ, ಹಿಮದೊಳಗಿನ ಆವಿ ಕೆಳಗಿನಿಂದ ಮೇಲಕ್ಕೆ ಬೇಗಬೇಗ ಹರಿಯತೊಡಗುತ್ತದೆ. ಹಾಗೆ ಹರಿಯುತ್ತ ಹಿಮದ ನವುರಾದ ಎಸಳುಗಳನ್ನು ಅಳಿಸಿ, ಅವುಗಳ ಸ್ಥಾನದಲ್ಲಿ ಮೂಲೆಗಳುಳ್ಳ ಒರಟು ಹರಳುಗಳನ್ನು ಬೆಳೆಸುತ್ತದೆ. ಈ ಹರಳುಗಳು ಒಂದನ್ನೊಂದು ಹಿಡಿಯವು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಹಿಮದ ಹೊದಿಕೆ ತೆಳುವಾದಷ್ಟೂ ಈ ಅಂತರ ತೀಕ್ಷ್ಣವಾಗುತ್ತದೆ. ಮೂರು ಮೀಟರಿನ ಹಿಮದಲ್ಲಿ ಹಂಚಿಹೋಗುವ ೨೦ ಡಿಗ್ರಿಗಳು ಅರ್ಧ ಮೀಟರಿನಲ್ಲಿ ಒತ್ತೊತ್ತಾಗಿ ಸೇರುತ್ತವೆ. ಚಳಿಗಾಲದ ಮೊದಲಲ್ಲಿ ಹಿಮ ಕಡಿಮೆ ಬಿತ್ತೆಂದು ಸಮಾಧಾನಪಡುವವರು ಇದನ್ನು ಮರೆಯಬಾರದು. ಆ ಕಡಿಮೆ ಹಿಮವೇ ಪುಡಿಯಾಗಿ, ಮುಂದೆ ಬೀಳುವ ಹೆಚ್ಚು ಹಿಮಕ್ಕೆ ನಂಬಲಾಗದ ಅಡಿಪಾಯವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಮಾರ್ಚಿಯ ಮೊದಲಲ್ಲಿ ಮನಾಲಿಯ ಮೇಲಣ ಸೋಲಂಗ್ ಕಣಿವೆಗೆ ಹೋಗಿದ್ದಾಗ, ಇದನ್ನು ಕಣ್ಣಾರೆ ಕಾಣುವ ಅವಕಾಶ ನನಗೆ ದೊರಕಿತು. ನಮ್ಮನ್ನು ಕರೆದೊಯ್ದ ಮಾರ್ಗದರ್ಶಿ ಆ ಕಡೆಯ ಹಳ್ಳಿಯವನು. ನಾಲ್ಕು ಹೆಜ್ಜೆ ಮೇಲೆ ಹತ್ತುವ ಮುನ್ನ ಸಲಿಕೆ ತೆಗೆದು, ಎದೆಯುದ್ದದ ಗುಂಡಿ ತೋಡಿ, ಅದರ ಒಂದು ಬದಿಯನ್ನು ಗೋಡೆಯಂತೆ ನುಣ್ಣಗೆ ಕೆತ್ತಿದ. ಆಮೇಲೆ ಬೆರಳುಗಳಿಂದ ಮೇಲಿನಿಂದ ಕೆಳಗೆ ಒತ್ತುತ್ತ ಬಂದ. ಒಂದೆಡೆ ಮುಷ್ಟಿ ಒಳಗೆ ಇಳಿಯಿತು. ಒಂದೆಡೆ ಬೆರಳ ತುದಿಯೂ ಇಳಿಯಲಿಲ್ಲ. ಮೊಣಕಾಲಿನ ಮಟ್ಟದಲ್ಲಿ ಬೂದುಬಣ್ಣದ ತೆಳುವಾದ ಗೆರೆಯೊಂದಿತ್ತು. ಅಲ್ಲಿಂದ ಹಿಡಿಯಷ್ಟನ್ನು ಕೆದಕಿ ನನ್ನ ಅಂಗೈಗೆ ಹಾಕಿದ. ಉಂಡೆ ಕಟ್ಟಲು ನೋಡಿದೆ; ಆಗಲಿಲ್ಲ. ಬೆರಳ ಸಂದಿಯಿಂದ ಹರಳುಪ್ಪಿನಂತೆ ಸುರಿದುಹೋಯಿತು. “ಇದು ಜನವರಿಯ ಬಿಸಿಲು, ಸಾರ್” ಎಂದು ಅವನು ಹಿಂದಿಯಲ್ಲಿ ಹೇಳಿದ. ಆ ವರ್ಷ ಜನವರಿಯಲ್ಲಿ ಎರಡು ವಾರ ಮೋಡವೇ ಇರಲಿಲ್ಲವಂತೆ. ಆಗ ಬಂದ ಪ್ರವಾಸಿಗಳೆಲ್ಲ ಎಷ್ಟು ಒಳ್ಳೆಯ ಹವೆಯೆಂದು ಹೊಗಳಿ ಹೋಗಿದ್ದರಂತೆ. ನಾವು ಅಂದು ಆ ಇಳಿಜಾರನ್ನು ಹತ್ತಲಿಲ್ಲ.

ನಿರ್ಮಲ ರಾತ್ರಿಯ ಇನ್ನೊಂದು ಕೆಲಸವೂ ಉಂಟು. ಗಾಳಿ ತೇವವಾಗಿ ನಿಶ್ಚಲವಾಗಿದ್ದಾಗ ಹಿಮದ ಮೇಲ್ಮೈಯಲ್ಲಿ ನಮ್ಮ ಇಬ್ಬನಿಯಂತೆ ಆವಿ ತಂಗಿ, ಅದು ನೇರವಾಗಿ ಹರಳುಗಟ್ಟಿ ಗರಿಗರಿಯಾಗಿ ಬೆಳೆಯುತ್ತದೆ. ಬೆಳಗಿನ ಬಿಸಿಲಿನಲ್ಲಿ ಅದರ ಥಳಥಳಿಕೆ ಕಣ್ಣಿಗೆ ಹಬ್ಬ. ಅದು ಕರಗುವ ಮುನ್ನ ಹೊಸ ಹಿಮ ಮೇಲೆ ಬಿದ್ದು ಮುಚ್ಚಿತೋ, ಆ ಗರಿಗಳು ಇಸ್ಪೀಟಿನ ಎಲೆಗಳನ್ನು ನಿಲ್ಲಿಸಿ ಕಟ್ಟಿದ ಮನೆಯಂತೆ ಭಾರ ಹೊತ್ತು ನಿಲ್ಲುತ್ತವೆ. ವಾರಗಳ ತರುವಾಯ ಒಬ್ಬ ನಡೆದು ಹೋದರೂ ಸಾಕು; ಒಂದೆಡೆ ಕುಸಿದ ಪದರ ಕ್ಷಣಮಾತ್ರದಲ್ಲಿ ನೂರಾರು ಅಡಿ ಕುಸಿಯುತ್ತ ಸಾಗಿ, ಮೇಲಣ ಹಿಮವೆಲ್ಲ ಒಂದೇ ಚಪ್ಪಡಿಯಾಗಿ ಜಾರುತ್ತದೆ. ಹಿಮದಲ್ಲಿ ವಿಹಾರಕ್ಕೆಂದು ಹೋಗಿ ಸಾಯುವವರಲ್ಲಿ ಬಹುಪಾಲು ಮಂದಿಯ ಮೇಲೆ ಬಿದ್ದ ಕುಸಿತವನ್ನು ಕದಲಿಸಿದವರು ಅವರೇ, ಇಲ್ಲವೆ ಅವರ ಸಂಗಡಿಗರೇ ಆಗಿರುತ್ತಾರೆ.

ಗಾಳಿ ಹೊರುವ ಹೊರೆ

ಬೀಜ ಬಿದ್ದ ಮೇಲೆ ಭಾರ ಬೀಳಬೇಕು. ಅದನ್ನು ತರುವುದು ಬಿರುಗಾಳಿಯೇ. ಇಲ್ಲಿಯೂ ಎಷ್ಟು ಹಿಮ ಬಿತ್ತೆನ್ನುವುದಕ್ಕಿಂತ ಎಷ್ಟು ಬೇಗ ಬಿತ್ತೆನ್ನುವುದು ಮುಖ್ಯ. ವಾರವಿಡೀ ಸಾವಕಾಶವಾಗಿ ಬಿದ್ದ ಹಿಮ ತನ್ನ ಭಾರದಿಂದ ತಾನೇ ಅಡಗಿ ಗಟ್ಟಿಯಾಗುತ್ತದೆ. ಅಷ್ಟೇ ಹಿಮ ಒಂದು ರಾತ್ರಿಯಲ್ಲಿ ಬಿದ್ದರೆ ಅಡಿಯ ಪದರಕ್ಕೆ ಹೊಂದಿಕೊಳ್ಳಲು ಬಿಡುವಿರುವುದಿಲ್ಲ. ಅದರ ಜೊತೆಗೆ ಗಾಳಿ. ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ನೆತ್ತಿಯನ್ನು ದಾಟಿಸಿ ಇನ್ನೊಂದು ಮಗ್ಗುಲಿನ ಮರೆಯಲ್ಲಿ ಸುರಿಯುವುದು ಅದರ ಸ್ವಭಾವ. ಊರಿನಲ್ಲಿ ಒಂದು ಅಡಿ ಹಿಮ ಅಳೆದವನಿಗೆ, ಮೇಲಣ ಮರೆಯಲ್ಲಿ ಅದರ ಹಲವು ಪಟ್ಟು ಸೇರಿರುವುದು ತಿಳಿಯದು. ಆಕಾಶ ತಿಳಿಯಾಗಿ, ಹೊಸ ಹಿಮ ಒಂದು ಬೆರಳೂ ಬೀಳದ ದಿನದಲ್ಲಿ ಸಹ ಗಾಳಿಯೊಂದೇ ಕುಸಿತವನ್ನು ಸಿದ್ಧಪಡಿಸಬಲ್ಲದು.

ಇವೆಲ್ಲ ಒಂದೆಡೆ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರಿಯದ ಗಾಲ್ಟ್ಯೂರ್ ಎಂಬ ಹಳ್ಳಿ ನಿದರ್ಶನ. ೧೯೯೯ರ ಜನವರಿಯ ಕೊನೆಯಿಂದ ಫೆಬ್ರವರಿಯ ಕೊನೆಯವರೆಗೆ ವಾಯವ್ಯದ ಕಡೆಯಿಂದ ಮೂರು ಬಿರುಗಾಳಿಯ ಸರಣಿಗಳು ಆಲ್ಪ್ಸ್ ಪರ್ವತಗಳ ಮೇಲೆ ಒಂದರ ಹಿಂದೊಂದು ಬಂದವು. ಒಂದೇ ತಿಂಗಳಲ್ಲಿ ಸುಮಾರು ನಾಲ್ಕು ಮೀಟರು ಹಿಮ ಬಿತ್ತು. ಗಾಳಿ ಅದನ್ನು ಹಳ್ಳಿಯ ಮೇಲಣ ಇಳಿಜಾರುಗಳಲ್ಲಿ ತುಂಬಿತು. ಕಣಿವೆಯ ರಸ್ತೆ ಹಲವು ದಿನ ಮುಚ್ಚಿದ್ದರಿಂದ ಬಂದ ಪ್ರವಾಸಿಗಳು ಊರಿನಲ್ಲಿಯೇ ಉಳಿದರು. ಫೆಬ್ರವರಿ ೨೩ರ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹಿಮ ಕಳಚಿ ಬಂತು. ಅದು ಮುಟ್ಟಿದ ಮನೆಗಳಲ್ಲಿ ಕೆಲವು, ಅಪಾಯವಿಲ್ಲದ ವಲಯವೆಂದು ನಕ್ಷೆಯಲ್ಲಿ ಗುರುತಿಸಿದ್ದ ಜಾಗದಲ್ಲಿಯೇ ಇದ್ದವು. ಗಾಲ್ಟ್ಯೂರಿನಲ್ಲಿ ೩೧ ಮಂದಿ, ಮರುದಿನ ಪಕ್ಕದ ವಾಲ್ಟ್ಸೂರಿನಲ್ಲಿ ೭ ಮಂದಿ ತೀರಿಕೊಂಡರು. ಅಂದಿನ ರಾತ್ರಿ ಹೊರಗಿನಿಂದ ನೆರವು ಬರುವಂತಿರಲಿಲ್ಲ. ಊರಿನವರೂ ಅತಿಥಿಗಳೂ ಕೈಗೆ ಸಿಕ್ಕ ಸಲಿಕೆಗಳಿಂದ ಹಿಮವನ್ನು ತೋಡಿದರು. ಹಿಮದಡಿ ಸಿಕ್ಕವರನ್ನು ಕಾಲು ಗಂಟೆಯೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ, ಅರ್ಧ ಗಂಟೆ ಮೀರಿದರೆ ಮೂರರಲ್ಲಿ ಒಬ್ಬರು ಉಳಿಯುವುದೂ ಕಷ್ಟವೆಂದು ಸ್ವಿಟ್ಸರ್ಲೆಂಡಿನ ಅಪಘಾತಗಳ ಲೆಕ್ಕ ೧೯೯೪ರಲ್ಲಿಯೇ ತಿಳಿಸಿತ್ತು. ಹೊರಗಿನ ನೆರವು ಎಷ್ಟೇ ದೊಡ್ಡದಾಗಿರಲಿ, ಕಾಲು ಗಂಟೆಯಲ್ಲಿ ಬರಬಲ್ಲವನು ನೆರೆಯವನು ಮಾತ್ರ.

ಶಾಖವೂ ಕುಸಿತವನ್ನು ತರುತ್ತದೆ. ವಸಂತದ ಬಿಸಿಲಿನಲ್ಲಿ ಕರಗಿದ ನೀರು ಹಿಮದೊಳಗೆ ಇಳಿದು ಪದರಗಳ ಬೆಸುಗೆಯನ್ನು ಬಿಡಿಸುತ್ತದೆ. ಇಂಥ ಒದ್ದೆ ಕುಸಿತ ಮೆಲ್ಲನೆ ಬಂದರೂ ಹಸಿ ಗಾರೆಯಂತೆ ಭಾರವಾದುದು. ಇದಕ್ಕೆ ಹೊತ್ತಿನ ನಿಯಮವುಂಟು: ಪೂರ್ವದ ಇಳಿಜಾರು ಮುಂಜಾನೆ, ದಕ್ಷಿಣದ್ದು ನಡುಹಗಲು, ಪಶ್ಚಿಮದ್ದು ಇಳಿಹೊತ್ತು ಸಡಿಲಾಗುತ್ತವೆ. ನಸುಕಿನಲ್ಲಿ ಎದ್ದು ಹಿಮ ಗಟ್ಟಿಯಾಗಿರುವಾಗಲೇ ಕಣಿವೆಯನ್ನು ದಾಟಬೇಕೆಂಬ ಬೆಟ್ಟಗರ ಕಟ್ಟಳೆ ಇದರಿಂದ ಬಂದುದು. ಹಿಮದ ಮೇಲೆ ಮಳೆ ಸುರಿದರೆ ಮಾತ್ರ ಈ ಯಾವ ನಿಯಮವೂ ಉಳಿಯದು. ಭಾರವನ್ನು ಏರಿಸುವ ಕೆಲಸವನ್ನೂ ಬೆಸುಗೆಯನ್ನು ಬಿಡಿಸುವ ಕೆಲಸವನ್ನೂ ಅದು ಒಟ್ಟಿಗೆ ಮಾಡುತ್ತದೆ.

ನಮ್ಮ ಹಿಮಾಲಯ

ಹಿಮಾಲಯದ ಪಶ್ಚಿಮ ಭಾಗಕ್ಕೆ ಚಳಿಗಾಲದ ಹಿಮವನ್ನು ತರುವುದು ನಮ್ಮ ಮುಂಗಾರಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಆಫ್ಘಾನಿಸ್ತಾನಗಳನ್ನು ಹಾದು ಬರುವ, ಹವಾಶಾಸ್ತ್ರಜ್ಞರು ‘ಪಶ್ಚಿಮದ ಕ್ಷೋಭೆ’ಗಳೆಂದು ಕರೆಯುವ ಬಿರುಗಾಳಿಗಳು ಅದನ್ನು ಹೊತ್ತು ತರುತ್ತವೆ. ಒಂದೇ ಬಿರುಗಾಳಿ ಮೂರು ಶ್ರೇಣಿಗಳಲ್ಲಿ ಮೂರು ಬಗೆಯಾಗಿ ವರ್ತಿಸುತ್ತದೆ. ಮೊದಲು ಸಿಗುವ ಪೀರ್ ಪಂಜಾಲಿನಲ್ಲಿ ಚಳಿ ಅಷ್ಟು ಕಠಿನವಲ್ಲ, ಹಿಮ ಹೇರಳ. ಅಲ್ಲಿ ಹಿಮ ಬೀಳುತ್ತಿರುವಾಗಲೇ ಅಥವಾ ಬಿದ್ದೊಡನೆಯೇ ಕುಸಿಯುವುದು ಹೆಚ್ಚು. ಉತ್ತರದ ತುದಿಯಲ್ಲಿರುವ ಕಾರಕೋರಂನಲ್ಲಿ ಚಳಿ ಭಯಂಕರ, ಗಾಳಿ ಒಣದು. ಅಲ್ಲಿ ಪುಡಿಹರಳಿನ ಪದರಗಳು ಬೆಳೆದು, ಬಿರುಗಾಳಿ ನಿಂತು ಬಹುದಿನಗಳಾದರೂ ಹಿಮ ಸ್ಥಿರವಾಗುವುದಿಲ್ಲ. ನಡುವಣ ಮಹಾಹಿಮಾಲಯದಲ್ಲಿ ಎರಡು ಬಗೆಯೂ ಬೆರೆತಿವೆ. ಒಂದು ಶ್ರೇಣಿಯಲ್ಲಿ ಕಲಿತ ಪಾಠ ಇನ್ನೊಂದರಲ್ಲಿ ಜೀವಕ್ಕೆ ಎರವಾಗಬಹುದು.

೨೦೦೫ರ ಫೆಬ್ರವರಿಯಲ್ಲಿ ದಕ್ಷಿಣ ಕಾಶ್ಮೀರದ ಪೀರ್ ಪಂಜಾಲಿನ ಮಗ್ಗುಲಲ್ಲಿ ಎಡೆಬಿಡದೆ ಹಿಮ ಬಿದ್ದು, ವಾಲ್ಟೆಂಗೋ ನಾರ್ ಎಂಬ ಹಳ್ಳಿಯ ಮೇಲೆ ಕುಸಿತ ಬಂದು ೧೫೦ಕ್ಕೂ ಹೆಚ್ಚು ಮಂದಿ ಮಡಿದರು. ಕಾರಕೋರಂನಲ್ಲಿ ೧೯೮೪ರಿಂದ ಎರಡು ದೇಶಗಳ ಸೈನ್ಯಗಳು ಸಿಯಾಚಿನ್ ನೀರ್ಗಲ್ಲ ನದಿಯ ಸುತ್ತ ಎದುರುಬದುರಾಗಿ ನಿಂತಿವೆ. ಗುಂಡಿಗಿಂತ ಹೆಚ್ಚು ಮಂದಿಯನ್ನು ಕೊಂದಿರುವುದು ಅಲ್ಲಿಯ ಹವೆ ಮತ್ತು ಹಿಮ. ೨೦೧೨ರ ಏಪ್ರಿಲ್ ೭ರಂದು ಗಯಾರಿ ಎಂಬಲ್ಲಿ ಪಾಕಿಸ್ತಾನದ ೧೪೦ ಮಂದಿ ಒಂದೇ ಕುಸಿತದಲ್ಲಿ ಹೂತುಹೋದರು. ೨೦೧೬ರ ಫೆಬ್ರವರಿ ೩ರಂದು ೧೯,೬೦೦ ಅಡಿ ಎತ್ತರದ ಸೋನಂ ಠಾಣ್ಯದಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಸಿಕ್ಕಿಬಿದ್ದರು. ಅವರಲ್ಲಿ ಮೂವರು ಕನ್ನಡ ನಾಡಿನವರು. ಅಲ್ಲಿ ಕುಸಿದುದು ಹೊಸ ಹಿಮವಷ್ಟೇ ಅಲ್ಲ. ಗಟ್ಟಿ ಮಂಜುಗಡ್ಡೆಯ ಗೋಡೆಯೇ ಮುರಿದು ಬಿತ್ತು. ಅಂಥ ಕುಸಿತವನ್ನು ಮುಂದಾಗಿ ತಿಳಿಯುವುದು ಪದರದ ಕುಸಿತವನ್ನು ತಿಳಿಯುವುದಕ್ಕಿಂತಲೂ ಕಷ್ಟ. ಆರನೆಯ ದಿನ, ಇಪ್ಪತ್ತೈದು ಅಡಿಗೂ ಆಳದಿಂದ, ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಜೀವಂತವಾಗಿ ಹೊರತೆಗೆದರು. ಫೆಬ್ರವರಿ ೧೧ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಕರಿಮಣ್ಣಿನ ಬಯಲಿನಲ್ಲಿ ಮಳೆಗಾಗಿ ಮುಗಿಲನ್ನು ನೋಡುವ ಊರುಗಳ ಜನ, ಆ ಒಂದು ವಾರ ಹಿಮದ ಸುದ್ದಿಗಾಗಿ ಕಾದು ಕುಳಿತಿದ್ದರು.

ತಿಳಿದುದು, ಕೇಳಿದುದು

ಹವೆಯನ್ನೂ ಹಿಮದ ಪದರಗಳನ್ನೂ ಕೂಡಿಸಿ ನೋಡಿ ಕುಸಿತವನ್ನು ಮುಂದಾಗಿ ಹೇಳುವ ವಿದ್ಯೆ ಹಳೆಯದಲ್ಲ. ಸ್ವಿಟ್ಸರ್ಲೆಂಡಿನ ದಾವೋಸ್ ಊರಿನ ಮೇಲೆ, ವೈಸ್‌ಫ್ಲೂಯೋಖ್ ಎಂಬ ಎತ್ತರದಲ್ಲಿ, ೧೯೩೬ರಲ್ಲಿ ಕೆಲವು ವಿಜ್ಞಾನಿಗಳು ಹಿಮದ ಗುಡಿಸಲಿನಲ್ಲಿ ಕುಳಿತು ಹರಳುಗಳನ್ನು ಪರೀಕ್ಷಿಸತೊಡಗಿದರು. ೧೯೪೫ರಿಂದ ಅಲ್ಲಿಯ ಸಂಸ್ಥೆ ಸಾರ್ವಜನಿಕರಿಗೆ ಮುನ್ಸೂಚನೆ ಕೊಡುತ್ತ ಬಂದಿದೆ. ೧೯೫೧ರ ಘೋರ ಚಳಿಗಾಲದಲ್ಲಿ ಆ ದೇಶದಲ್ಲಿ ೯೮ ಮಂದಿ ಹಿಮಕುಸಿತಗಳಿಂದ ಸತ್ತರು. ಆಮೇಲೆ ಅವರು ಇಳಿಜಾರುಗಳಲ್ಲಿ ಉಕ್ಕಿನ ತಡೆಗಳನ್ನು ನಿಲ್ಲಿಸಿದರು, ಕಾಡು ಬೆಳೆಸಿದರು, ಅಪಾಯದ ವಲಯಗಳ ನಕ್ಷೆ ಬರೆದು ಅಲ್ಲಿ ಮನೆ ಕಟ್ಟುವುದನ್ನು ತಡೆದರು. ೧೯೯೯ರಲ್ಲಿ ಮತ್ತೆ ಅಂಥದೇ ಚಳಿಗಾಲ ಬಂದಾಗ, ಬೆಟ್ಟಗಳಲ್ಲಿ ಜನಸಂಚಾರ ಬಹಳ ಹೆಚ್ಚಿದ್ದರೂ, ಊರುಗಳ ಮೇಲೂ ರಸ್ತೆಗಳ ಮೇಲೂ ಬಂದ ಕುಸಿತಗಳಲ್ಲಿ ಸತ್ತವರು ೧೭ ಮಂದಿ. ಈ ಎರಡು ಅಂಕಿಗಳ ನಡುವಣ ಅಂತರವೇ ಆ ವಿದ್ಯೆಯ ಬೆಲೆ.

ನಮ್ಮ ದೇಶದಲ್ಲಿ ಈ ಕೆಲಸಕ್ಕಾಗಿ ೧೯೬೯ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನ ಸಂಸ್ಥೆ ಸ್ಥಾಪಿತವಾಯಿತು. ೨೦೨೦ರಲ್ಲಿ ಅದನ್ನು ರಕ್ಷಣಾ ಇಲಾಖೆಯ ಇನ್ನೊಂದು ಪ್ರಯೋಗಾಲಯದೊಡನೆ ಕೂಡಿಸಲಾಗಿದೆ. ಹಿಮಾಲಯದ ವಿಸ್ತಾರವನ್ನು ನೋಡಿದರೆ ಅಳತೆಯ ಠಾಣ್ಯಗಳು ಎಷ್ಟಿದ್ದರೂ ಸಾಲವು. ಅದರ ಮೇಲೆ ಹವೆಯೇ ಬದಲಾಗುತ್ತಿದೆ. ಹಿಮಾಚಲ ಪ್ರದೇಶದ ಇಳಿಜಾರೊಂದರಲ್ಲಿ ಕುಸಿತದ ಪೆಟ್ಟು ತಿಂದು ಉಳಿದ ಮರಗಳ ವರ್ಷವಲಯಗಳನ್ನು ಓದಿದ ವಿಜ್ಞಾನಿಗಳು, ತಾಪ ಏರಿದಂತೆ ಅಲ್ಲಿ ಕುಸಿತಗಳೂ ಹೆಚ್ಚಿವೆಯೆಂದು ೨೦೧೮ರಲ್ಲಿ ತೋರಿಸಿದರು. ಚಳಿಗಾಲದ ಕೊನೆಯಲ್ಲಿ ಬರುತ್ತಿದ್ದ ಒದ್ದೆ ಕುಸಿತ ನಡುಚಳಿಗಾಲದಲ್ಲಿಯೂ ಬರಬಹುದು. ತಗ್ಗಿನ ಬೆಟ್ಟಗಳಲ್ಲಿ ಹಿಮವೇ ಕಡಿಮೆಯಾಗಿ ಅಪಾಯ ಇಳಿಯಲೂಬಹುದು. ತಾತಂದಿರು ಕಂಡು ಹೇಳಿದ ಗುರುತುಗಳು ಮೊಮ್ಮಕ್ಕಳಿಗೆ ಹಾಗೆಯೇ ಸಲ್ಲುವ ಕಾಲ ಹೋಗುತ್ತಿದೆ.

ಈಗ ವರ್ಷವರ್ಷವೂ ಕರ್ನಾಟಕದಿಂದ ತರುಣ ತರುಣಿಯರು ಹಿಮಾಲಯದ ಚಾರಣಕ್ಕೆ ಹೋಗುತ್ತಾರೆ. ಕಾವಲಿಗೆ ಹೋದ ಯೋಧರಂತೂ ಅಲ್ಲಿಯೇ ಚಳಿಗಾಲವನ್ನು ಕಳೆಯುತ್ತಾರೆ. ಯೋಧನಿಗೆ ಠಾಣ್ಯವನ್ನು ಬಿಟ್ಟು ಕದಲುವ ಸ್ವಾತಂತ್ರ್ಯವಿಲ್ಲ. ಅವನ ಪರವಾಗಿ ಹವೆಯನ್ನು ಓದುವ ಹೊಣೆ ದೇಶದ್ದು. ಚಾರಣಿಗನಿಗೆ ಆ ಸ್ವಾತಂತ್ರ್ಯವಿದೆ. ಮೂರು ದಿನದ ಬಿರುಗಾಳಿ ನಿಂತು, ನಾಲ್ಕನೆಯ ಬೆಳಗ್ಗೆ ಆಕಾಶ ನೀಲಿಯಾಗಿ ಬೆಟ್ಟಗಳೆಲ್ಲ ಹೊಳೆಯುವಾಗ ಹೊರಡಬೇಕೆಂದು ಕಾಲು ತುಡಿಯುವುದು ಸಹಜ. ಹೊಸ ಭಾರ ಹಳೆಯ ಪದರದ ಮೇಲೆ ಕುಳಿತು ಇನ್ನೂ ಹೊಂದಿಕೊಳ್ಳದ ಬೆಳಗು ಅದೇ. ಅಂದು ಒಂದು ದಿನ, ಬೇಕಾದರೆ ಎರಡು ದಿನ, ಡೇರೆಯಲ್ಲಿ ಕುಳಿತು ಚಹ ಕುಡಿಯುತ್ತ ಬೆಟ್ಟವನ್ನು ದೂರದಿಂದ ನೋಡಿದರೆ ನಷ್ಟವೇನೂ ಇಲ್ಲ.